ಸತ್ತ ನೊಣಕ್ಕೆ ಎರಡು ಹೆಸರು: ಎಂಟಮಾಫ್ತೊರಾ ಸೋಂಕನ್ನು ಗುರುತಿಸುವ ಕ್ರಮ

ನೊಣಗಳನ್ನು ಕೊಲ್ಲುವ ಶಿಲೀಂಧ್ರಗಳಲ್ಲಿ ಬಹುಕಾಲದಿಂದ ಪರಿಚಿತವಾದದ್ದು ಎಂಟಮಾಫ್ತೊರಾ ಮಸ್ಕೀ. ಫರ್ಡಿನಾಂಡ್ ಕೋನ್ 1855ರಲ್ಲಿ ಮನೆನೊಣದ ರೋಗವಾಗಿ ಇದನ್ನು ವಿವರಿಸಿದರು. ಈಗಿನ ಕುಲನಾಮ ಫ್ರೆಸೇನಿಯಸ್ ಅವರು ಮರುವರ್ಷ ಕೊಟ್ಟದ್ದು. ಆದರೂ ಬಯಲಲ್ಲಿ ಸಿಕ್ಕ ಸತ್ತ ನೊಣವನ್ನು ಗುರುತಿಸುವುದು ಇಂದಿಗೂ ಕಷ್ಟ. ಒಂದೇ ಹೆಣದಲ್ಲಿ ಎರಡು ಜೀವಿಗಳಿವೆ. ಶಿಲೀಂಧ್ರ ಬೆಳೆದಷ್ಟೂ ನೊಣದ ಲಕ್ಷಣಗಳು ಅಳಿಯುತ್ತವೆ. ಆದ್ದರಿಂದ ನೊಣ ಸತ್ತು ಕೂತ ಜಾಗದಲ್ಲೇ ಗುರುತಿಸುವ ಕೆಲಸ ಆರಂಭವಾಗಬೇಕೆಂಬುದು ಈ ಲೇಖನದ ವಾದ.

ಸೋಂಕು ತಗುಲಿದ ನೊಣ ಸೂರ್ಯಾಸ್ತದ ಆಸುಪಾಸಿನಲ್ಲಿ ಎತ್ತರಕ್ಕೆ ಹತ್ತುತ್ತದೆ, ಸೊಂಡಿಲು ಚಾಚಿ ಮೇಲ್ಮೈಗೆ ಅಂಟಿಕೊಳ್ಳುತ್ತದೆ, ರೆಕ್ಕೆಗಳನ್ನು ಮೇಲೆತ್ತಿ ಸಾಯುತ್ತದೆ. ಆಮೇಲೆ ಹೊಟ್ಟೆಯ ಖಂಡಗಳ ನಡುವಿನ ಮೆದು ಪೊರೆಯನ್ನು ಸೀಳಿಕೊಂಡು ಶಿಲೀಂಧ್ರ ಬಿಳಿ ಪಟ್ಟೆಗಳಾಗಿ ಹೊರಬಂದು ಬೀಜಕಗಳನ್ನು ಸಿಡಿಸುತ್ತದೆ. 2015ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕ್ಯಾರೊಲಿನ್ ಎಲ್ಯಾ ಅವರು ಹಣ್ಣಿನ ಆಮಿಷಕ್ಕೆ ಬಂದ ಕಾಡು ಡ್ರೊಸೊಫಿಲಗಳ ನಡುವೆ ಈ ರೋಗವನ್ನು ಪತ್ತೆಹಚ್ಚಿದ್ದು ಇಂಥ ಪಟ್ಟೆ ಮತ್ತು ಎತ್ತಿದ ರೆಕ್ಕೆಗಳಿಂದಲೇ. ಅದೇ ತಳಿಯನ್ನು ಪ್ರಯೋಗಾಲಯದ ನೊಣಗಳಿಗೆ ಸೋಂಕಿಸಿದಾಗ ಶಿಲೀಂಧ್ರ ನರಮಂಡಲವನ್ನೂ ಹೊಕ್ಕಿರುವುದು ಕಂಡಿತು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಸಿಕ್ಕಿದೊಡನೆ ನೊಣವನ್ನು ಕಿತ್ತು ಮದ್ಯಸಾರಕ್ಕೆ ಹಾಕಿದರೆ ಭಂಗಿ, ಎತ್ತರ, ಹೊತ್ತು ಮೂರೂ ಕಳೆದುಹೋಗುತ್ತವೆ. ಇದು ಸಣ್ಣ ನಷ್ಟವಲ್ಲ.

ಬಿಳಿ ಬೂಷ್ಟೆಲ್ಲ ಎಂಟಮಾಫ್ತೊರಾ ಆಗಬೇಕಿಲ್ಲ. ನಮ್ಮ ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ರೋಗವೆನ್ನುವುದು ಬ್ಯೂವೇರಿಯಾ ಬ್ಯಾಸಿಯಾನಾದ ಕೆಲಸ. ಅಗೊಸ್ಟಿನೊ ಬ್ಯಾಸಿ 1835ರಲ್ಲಿ ಅದರ ಕಾರಣವನ್ನು ತೋರಿಸಿದರು. ಅದು ನೊಣಗಳನ್ನೂ ಕೊಲ್ಲುತ್ತದೆ, ಆದರೆ ಮೈಯೆಲ್ಲ ಪುಡಿ ಕಟ್ಟುತ್ತದೆ. ಅದರ ದುಂಡು ಬೀಜಕಗಳು 2–3 ಮೈಕ್ರಾನ್ ಮಾತ್ರ. ಎಂಟಮಾಫ್ತೊರಾದವು ಗಂಟೆಯಾಕಾರದವು, ಹಲವು ಪಟ್ಟು ದೊಡ್ಡವು. ಹೆಣದ ಪಕ್ಕ ಒಂದು ಗಾಜಿನ ಸ್ಲೈಡ್ ಇಟ್ಟು ರಾತ್ರಿ ಕಳೆದರೆ ಸಿಡಿದ ಬೀಜಕಗಳು ತಾವಾಗಿಯೇ ಅದರ ಮೇಲೆ ಬಂದು ಕೂರುತ್ತವೆ.

ಮುಂದಿನ ತೊಡಕು ಕುಲದೊಳಗಿನದು. ಒಂದೇ ಮಸ್ಕೀ ಎಂದು ತಿಳಿದಿದ್ದದ್ದು ವಾಸ್ತವದಲ್ಲಿ ಪ್ರಭೇದಗಳ ಗುಂಪು. ಬೀಜಕದ ಕೋಶಕೇಂದ್ರಗಳಿಗೆ ಬಣ್ಣ ಕೊಟ್ಟು ಎಣಿಸಿದರೆ ಅದೇ ಗುಂಪಿನ ಸ್ಕಿಜೊಫೋರೀ ಪ್ರಭೇದದಲ್ಲಿ ಹತ್ತಕ್ಕಿಂತ ಕಡಿಮೆ, ಮಸ್ಕೀಯಲ್ಲಿ ಸಾಮಾನ್ಯವಾಗಿ ಹತ್ತಕ್ಕಿಂತ ಹೆಚ್ಚು ಸಿಗುತ್ತವೆ. ಡಿಎನ್‌ಎ ಅನುಕ್ರಮದ ಕಾಲದಲ್ಲೂ ಈ ಎಣಿಕೆಯನ್ನು ಬಿಡಬಾರದು. ದತ್ತಕೋಶದ ಹೆಸರು ಅದರ ಹಿಂದಿರುವ ಮಾದರಿಯಷ್ಟೇ ವಿಶ್ವಾಸಾರ್ಹ.

ನೊಣದ ಹೆಸರೂ ಅಷ್ಟೇ ಮುಖ್ಯ. ಡ್ರೊಸೊಫಿಲ ಪ್ರಭೇದಗಳಾದ ಮೆಲನೊಗ್ಯಾಸ್ಟರ್ ಮತ್ತು ಸಿಮ್ಯುಲನ್ಸ್ ಗಂಡುಗಳನ್ನು ಜನನಾಂಗದ ಕಮಾನಿನಿಂದ ಬೇರ್ಪಡಿಸಬಹುದು. ಹೆಣ್ಣುಗಳು ಕಣ್ಣಿಗೆ ಒಂದೇ. ಶಿಲೀಂಧ್ರ ತಿಂದುಹಾಕುವುದೂ ಹೊಟ್ಟೆಯನ್ನೇ. ಹಾಗಾಗಿ ಕಾಲೊಂದನ್ನು ಮೊದಲೇ ಬೇರ್ಪಡಿಸಿ ನೊಣದ ಸಿಒಐ ಜೀನ್ ಓದಬೇಕು, ಹೊಟ್ಟೆಯ ತುಣುಕಿನಿಂದ ಶಿಲೀಂಧ್ರದ ಐಟಿಎಸ್ ಭಾಗವನ್ನು ಓದಬೇಕು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಡ್ರೊಸೊಫಿಲ ಅಧ್ಯಯನಕ್ಕೆ ದಶಕಗಳ ಪರಂಪರೆಯಿದೆ. ಆಮಿಷ ಹಿಡಿದು ಪಶ್ಚಿಮ ಘಟ್ಟಕ್ಕೆ ಹೋಗುವ ನಮ್ಮ ಸಂಗ್ರಾಹಕರು ಬಲೆಗೆ ಬಿದ್ದ ಜೀವಂತ ನೊಣಗಳ ಜೊತೆಗೆ ಎಲೆಯಡಿಯಲ್ಲಿ ರೆಕ್ಕೆಯೆತ್ತಿ ಸತ್ತವನ್ನೂ ಹುಡುಕಲಿ. ಕಿತ್ತುಕೊಳ್ಳುವ ಮುನ್ನ ಹೊತ್ತು, ಎತ್ತರ, ಭಂಗಿಗಳನ್ನು ಚೀಟಿಯಲ್ಲಿ ಬರೆದಿಡಲಿ.