ಎರಡು ಹೆಸರಿನ ಅಜ್ಜಿಯಂದ್ರು

ನಿಮ್ಮ ಅಜ್ಜನ ಅಪ್ಪನ ಹೆಸರೇನು ಅಂತ ಕೇಳಿದ್ರ ಭಾಳ ಮಂದಿ ಥಟ್ಟನೆ ಹೇಳತೀರಿ. ಅದ ಅಜ್ಜಿಯ ಅವ್ವನ ಹೆಸರೇನು ಅಂತ ಕೇಳಿದ್ರ? "ಎಲ್ಲಾರೂ ಅಕಿಗೆ ಕಾಕು ಅಂತಿದ್ರು", "ಬ್ಯಾಡಗಿ ಅಜ್ಜಿ ಅಂತಿದ್ರು" ಅಂತ ಉತ್ತರ ಬರತದ. ಹೆಸರು ಮಾತ್ರ ಬರೂದಿಲ್ಲ. ಒಂದು ಸಲ ನಿಮ್ಮನಿಯೊಳಗ ಕೇಳಿ ನೋಡ್ರಿ.

ಹಿಂದಿನವರನ್ನ ಹುಡುಕೂದು ಅಮೆರಿಕಾದಾಗ ದೊಡ್ಡ ಹವ್ಯಾಸ. ಅಲ್ಲಿ ಹತ್ತೊಂಬತ್ತನೇ ಶತಮಾನದಾಗ ಊರು ಮನಿ ಬಿಟ್ಟು, ಬಂಡಿ ಕಟ್ಟಿಕೊಂಡು ಪಶ್ಚಿಮದ ಬಯಲಿಗೆ ಹೋಗಿ ನೆಲಿ ನಿಂತವರಿಗೆ ಪಯೋನಿಯರ್ ಅಂತಾರ. ಅವರ ಮರಿಮಕ್ಕಳು ಈಗ ಮೂರು ನಮೂನಿ ಕಾಗದ ಹಿಡದು ಅವರನ್ನ ಹುಡುಕತಾರ: ಜನಗಣತಿ, ದಂಡಿನ ದಾಖಲೆ, ಸಾವಿನ ದಾಖಲೆ. ಈ ವಿಷಯ ಓದಿಕೋತ ಹೋದಂಗ ನನಗ ಒಂದು ಮಾತು ಖರೆ ಅನಿಸ್ತು. ಗಂಡಸರು ಅಲ್ಲೂ ಲಗೂನ ಸಿಗತಾರ. ಹೆಂಗಸರನ್ನ ಹುಡುಕೂದು ಅಲ್ಲೂ ತ್ರಾಸನ.

ಮೊದಲು ಜನಗಣತಿ ನೋಡೋಣ. ಅಮೆರಿಕಾದಾಗ 1790ರಿಂದ ಹತ್ತು ವರ್ಷಕ್ಕೊಮ್ಮೆ ಮಂದಿ ಎಣಿಸತಾರ. ಆದ್ರ 1840ರ ತನಕ ಮನಿ ಯಜಮಾನನ ಹೆಸರಷ್ಟ ಬರಕೊಂಡು, ಉಳಿದವರನ್ನ "ಇಷ್ಟು ವಯಸ್ಸಿನ ಹೆಂಗಸರು ಇಷ್ಟು ಮಂದಿ" ಅಂತ ಬರೇ ಲೆಕ್ಕ ಹಾಕತಿದ್ರು. ಹೆಂಡತಿ, ಅವ್ವ, ಮಗಳು ಎಲ್ಲಾ ಒಂದೊಂದು ಅಂಕಿ! 1850ರಾಗ ಮೊದಲ ಸಲ ಎಲ್ಲಾ ಸ್ವತಂತ್ರ ಜನರ ಹೆಸರು ಬರದರು. ಗುಲಾಮರಿಗೆ ಆ ಭಾಗ್ಯನೂ ಇರಲಿಲ್ಲ. 1850 ಮತ್ತು 1860ರಾಗ ಅವರನ್ನ ಒಡೆಯನ ಹೆಸರಿನ ಕೆಳಗ ವಯಸ್ಸು, ಗಂಡು-ಹೆಣ್ಣು, ಬಣ್ಣ ಅಂತ ಬರದರೇ ಹೊರತು ಹೆಸರು ಬರೀಲಿಲ್ಲ. ಅವರೆಲ್ಲಾರ ಹೆಸರು ಬಂದದ್ದು 1870ರ ಗಣತಿಯೊಳಗ.

1900ರ ಗಣತಿಯೊಳಗ ಮಾತ್ರ ಒಂದು ಛಲೋ ಪ್ರಶ್ನೆ ಇತ್ತು. "ಎಷ್ಟು ಮಕ್ಕಳನ್ನ ಹಡದೀರಿ, ಈಗ ಎಷ್ಟು ಮಂದಿ ಇದ್ದಾರ?" ಅಂತ ತಾಯಂದಿರಿಗೆ ಕೇಳತಿದ್ರು. ಎಂಟು ಹಡದು ಐದು ಉಳದಾವ ಅಂತ ಒಬ್ಬಾಕಿ ಹೇಳಿದ್ರ, ಉಳಿದ ಮೂರು ಕೂಸುಗಳ ಗುರುತಿಗೆ ಆ ಎರಡು ಅಂಕಿ ಬಿಟ್ರ ಎಷ್ಟೋ ಸಲ ಮತ್ತೇನೂ ಇರೂದಿಲ್ಲ. 1890ರ ಗಣತಿ ಕಾಗದ ಅಂತೂ 1921ರಾಗ ವಾಷಿಂಗ್ಟನ್ನಿನಾಗ ಹತ್ತಿದ ಬೆಂಕಿಯೊಳಗ ಕೆಟ್ಟು ಹೆಚ್ಚೂ ಕಡಿಮಿ ಪೂರಾ ಹೋತು. ಅದಕ್ಕ ಅಲ್ಲಿ ಹುಡುಕವರಿಗೆ 1880ರಿಂದ 1900ರ ತನಕ ಇಪ್ಪತ್ತು ವರ್ಷ ಕತ್ತಲಿ. ಅಷ್ಟರಾಗ ಒಂದು ಹುಡುಗಿ ಹುಟ್ಟಿ, ಬೆಳದು, ಲಗ್ನಾಗಿ ಗಂಡನ ಅಡ್ಡಹೆಸರು ತೊಗೊಂಡು ಹೋಗಿಬಿಡತಾಳ. ತವರುಮನಿ ಎಳಿ ಅಲ್ಲೇ ಹರದು ಹೋಗತದ.

ಹಂಗಂತ ಮನಿ ಮಂದಿ ನೆನಪನ್ನ ನಂಬಿ ಸುಮ್ಮನ ಕೂಡೂದೂ ಕಠಿಣ. ಲಾರಾ ಇಂಗಲ್ಸ್ ವೈಲ್ಡರ್ ಅನ್ನಾಕಿ ತಮ್ಮ ಮನಿತನ ಬಂಡಿ ಕಟ್ಟಿಕೊಂಡು ಕಾನ್ಸಾಸಿಗೆ ಹೋಗಿ ನಿಂತ ಕಥಿ ಬರದಾಳ. ಆ ಪುಸ್ತಕದಾಗ ತಂಗಿ ಕ್ಯಾರಿ ಬಂಡಿಯೊಳಗ ಕೂತ ಬಂದ ಕೂಸು. ಆದ್ರ ಮನಿಯ ಬೈಬಲ್ಲಿನಾಗ ಬರದಿಟ್ಟ ಪ್ರಕಾರ ಕ್ಯಾರಿ ಹುಟ್ಟಿದ್ದ ಕಾನ್ಸಾಸಿನಾಗ, 1870ರ ಆಗಸ್ಟ್ ತಿಂಗಳಾಗ. ಅದ ವರ್ಷದ ಗಣತಿಯೊಳಗೂ ಅಕಿ ಅಲ್ಲೇ ಸಿಗತಾಳ. ಅವರ ಮನಿ ಇಂಡಿಪೆಂಡೆನ್ಸ್ ಊರಿಂದ ನಲವತ್ತು ಮೈಲಿ ದೂರ ಅಂತ ಪುಸ್ತಕ ಹೇಳತದ. ಖರೆ ನೋಡಿದ್ರ ಅದು ಅದಕ್ಕಿಂತ ಭಾಳ ಹತ್ತಿರ ಇತ್ತು. ಲಾರಾ ಸುಳ್ಳು ಹೇಳ್ಯಾಳ ಅಂತಲ್ಲ. ಆಗ ಅಕಿಗೆ ಎರಡು-ಮೂರು ವರ್ಷ, ಮನ್ಯಾಗ ಕೇಳಿದ್ದನ್ನ ಮುದುಕಿಯಾಗೂ ಹೊತ್ತಿಗೆ ಬರದಾಳ. ಇನ್ನೊಂದು ಮಾತು: ಅವರು ಮನಿ ಕಟ್ಟಿದ ನೆಲ ಓಸೇಜ್ ಅನ್ನೋ ಮೂಲನಿವಾಸಿಗಳದಾಗಿತ್ತು. ಪಯೋನಿಯರ್ ಮನಿತನದವರು ಅಭಿಮಾನದಿಂದ ಕಾಗದ ಬಿಚ್ಚಿದಾಗ ಇಂಥಾವೂ ಹೊರಗ ಬರತಾವ. ಬಂದದ್ದನ್ನ ಮುಚ್ಚಿಡಬಾರದು.

ಇನ್ನ ದಂಡಿನ ದಾಖಲೆ. ದಂಡು ಅಂದ್ರ ಗಂಡಸರದು, ನಮಗೇನು ಅಂತ ಅನ್ನಬ್ಯಾಡ್ರಿ. ಹೆಂಗಸರ ಬಗ್ಗೆ ಎಲ್ಲಾಕ್ಕಿಂತ ಹೆಚ್ಚು ಸುದ್ದಿ ಸಿಗೂದು ಅಲ್ಲೇ. ಸಿಪಾಯಿ ಸತ್ತ ಮ್ಯಾಲೆ ಹೆಂಡತಿ ಪಿಂಚಣಿ ಕೇಳಬೇಕಲ್ಲ? ಆಗ ಲಗ್ನ ಆಗಿದ್ದು ಖರೆ ಅಂತ ಅಕಿ ತೋರಿಸಬೇಕು. ಲಗ್ನದ ಕಾಗದ ಇಲ್ಲದವರು ಮಕ್ಕಳ ಹುಟ್ಟು ಬರದಿಟ್ಟ ಬೈಬಲ್ಲಿನ ಹಾಳಿ ಹರದು ಕಳಿಸ್ಯಾರ. ಬಾಣಂತನ ಮಾಡಿದ ಸೂಲಗಿತ್ತಿ, ಮಗ್ಗಲು ಮನಿಯಾಕಿ ಬಂದು ಸಾಕ್ಷಿ ಹೇಳ್ಯಾರ. ಗಂಡನ ಸರ್ವೀಸು ಒಂದು ಹಾಳಿಯೊಳಗ ಮುಗದ್ರ, ಹೆಂಡತಿ ಅರ್ಜಿ ಒಂದು ದೊಡ್ಡ ಕಟ್ಟು ಆಗಿರತದ.

ಹ್ಯಾರಿಯೆಟ್ ಟಬ್ಮನ್ ಹೆಸರು ಕೇಳಿರಬಹುದು. ಗುಲಾಮಗಿರಿಯಿಂದ ತಾನು ಪಾರಾಗಿ, ಹೊಳ್ಳಿ ಹೋಗಿ ಉಳಿದವರನ್ನೂ ಪಾರು ಮಾಡಿದಾಕಿ. ಯುದ್ಧದಾಗ ದಾದಿಯಾಗಿ, ಗೂಢಚಾರಳಾಗಿ ದುಡದಾಕಿ. ಅಕಿಯ ಗಂಡ ನೆಲ್ಸನ್ ಡೇವಿಸ್ 1888ರಾಗ ತೀರಿಕೊಂಡ. ಆದ್ರ ಅಂವಾ ದಂಡಿಗೆ ಸೇರಿದ್ದು ನೆಲ್ಸನ್ ಚಾರ್ಲ್ಸ್ ಅನ್ನೋ ಹೆಸರಿನಾಗ! ಇಬ್ಬರೂ ಒಬ್ಬಂವನ ಅಂತ ಅಕಿ ಸಾಕ್ಷಿ ಕೊಟ್ಟು ಸಿದ್ಧ ಮಾಡಬೇಕಾತು. 1895ರಾಗ ತಿಂಗಳಿಗೆ 8 ಡಾಲರ್ ವಿಧವಾ ಪಿಂಚಣಿ ಬಂತು. ಅಕಿ ಸ್ವತಃ ದುಡದದ್ದಕ್ಕ ಬೆಲೆ ಕಟ್ಟಿ ಅದನ್ನ 20 ಡಾಲರ್ ಮಾಡಿದ್ದು 1899ರಾಗ. ಯುದ್ಧ ಮುಗದದ್ದು 1865ಕ್ಕ, ಲೆಕ್ಕ ನೀವ ಹಾಕ್ರಿ. ಆದ್ರ ಆ ಜಗ್ಗಾಟದ ಕಾಗದ ಇರೂದಕ್ಕ ಅಕಿ ಸಂಸಾರದ ಎಷ್ಟೋ ಸಂಗತಿ ಇವತ್ತಿಗೂ ಉಳದಾವ.

ಮೂರನೇದು ಸಾವಿನ ದಾಖಲೆ. ಅಲ್ಲಿ ಸತ್ತವರ ಅಪ್ಪನ ಹೆಸರಿನ ಜೋಡಿ ಅವ್ವನ ತವರುಮನಿ ಅಡ್ಡಹೆಸರನ್ನೂ ಬರೀತಾರ. ಹರದು ಹೋದ ಎಳಿ ಕೂಡೂದು ಎಷ್ಟೋ ಸಲ ಇಲ್ಲೇ. ಆದ್ರ ಒಂದು ಎಚ್ಚರ ಬೇಕು. ಸತ್ತ ತಾರೀಖು ಮತ್ತು ಕಾರಣ ಆ ಹೊತ್ತಿಗೆ ಕಂಡದ್ದು, ಅದನ್ನ ನಂಬಬಹುದು. ಹುಟ್ಟಿದ ತಾರೀಖು, ಅವ್ವನ ಹೆಸರು ಹೇಳಿದಾಂವ ಮಗನೋ ಅಳಿಯನೋ ಇರತಾನ. ದುಃಖದಾಗ ನೆನಪಾದದ್ದನ್ನ ಹೇಳಿರತಾನ. ಅದಕ್ಕ ಒಂದ ಕಾಗದ ನಂಬದ, ಎರಡು ಮೂರು ಕೂಡಿಸಿ ನೋಡಬೇಕು ಅಂತ ತಿಳದವರು ಹೇಳತಾರ.

ಇನ್ನ ನಮ್ಮ ಕಡೆ ಬರೋಣ. ಅಮೆರಿಕಾದಾಗ 72 ವರ್ಷ ಆದ ಮ್ಯಾಲೆ ಗಣತಿ ಹಾಳಿ ಎಲ್ಲಾರಿಗೂ ಬಿಚ್ಚಿ ತೋರಸತಾರ. 1950ರದು 2022ರಾಗ ಬಂತು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಪ್ರಕಾರ ಒಬ್ಬೊಬ್ಬರ ವಿವರ ಗುಪ್ತ. ನಮಗ ಸಿಗೂದು ಊರಿನ ಒಟ್ಟು ಲೆಕ್ಕ ಅಷ್ಟ. ಹೆಸರಿಗೆ ಹೆಳವರನ್ನ ಕೇಳಬೇಕು. ಸುಗ್ಗಿ ಆದ ಮ್ಯಾಲೆ ಮನಿಮನಿಗೆ ಬಂದು ವಂಶಾವಳಿ ಓದಿ ಹೇಳಿ, ಹೊಸಾ ಹೆಸರು ಬರಕೊಂಡು, ಕಾಳು-ಕಡಿ ತೊಗೊಂಡು ಹೋಗತಿದ್ರು, ನೆನಪದನ? ಆದ್ರ ಅವರ ಓದು ಅಪ್ಪ, ಮಗ, ಮೊಮ್ಮಗ ಅಂತ ಹೋಗತದ. ಕೊಟ್ಟ ಹೆಣ್ಣುಮಗಳು ಅದರಾಗ ಕಾಣೂದು ಕಡಿಮಿ.

ಅದರ ಮ್ಯಾಲೆ ನಮ್ಮಲ್ಲಿ ಬರೇ ಅಡ್ಡಹೆಸರಲ್ಲ, ಇಟ್ಟ ಹೆಸರನ್ನೂ ಬದಲಿ ಮಾಡೋ ರೂಢಿ. ತಾಟಿನಾಗ ಅಕ್ಕಿ ಹರವಿ, ಉಂಗುರದ್ಲೆ ಹೊಸಾ ಹೆಸರು ಬರಸತಾರ. ನೋಡಲಿಕ್ಕೆ ಛಂದ. ಆದ್ರ ಸಾಲಿ ದಾಖಲೆಯೊಳಗ ಒಂದು ಹೆಸರು, ರೇಶನ್ ಕಾರ್ಡಿನಾಗ ಇನ್ನೊಂದು. ನಮ್ಮ ಸಂಬಂಧದೊಳಗ ಒಬ್ಬ ಮೌಶಿ ತೀರಿಕೊಂಡಾಗ ಹಿಂಗ ಆತು. ತವರಿಂದ ಬಂದ ಹೊಲದ ಉತಾರದಾಗ ಹುಟ್ಟಿದ ಹೆಸರು, ಮರಣದ ದಾಖಲೆಯೊಳಗ ಲಗ್ನದ ಹೆಸರು. ಇಬ್ಬರೂ ಒಬ್ಬಾಕಿನ ಅಂತ ತೋರಿಸಲಿಕ್ಕೆ ಮಕ್ಕಳು ಅಫಿಡವಿಟ್ ಮಾಡಿಸಿ, ಊರ ಹಿರಿಯರ ಕಡೆ ಸಹಿ ಹಾಕಿಸಿ, ಎರಡು ವರ್ಷ ಅಡ್ಡಾಡಿದ್ರು. ಟಬ್ಮನ್ ಕಥಿ ಓದುವಾಗ ನನಗ ಆ ಮೌಶಿ ನೆನಪಾದಳು.

ಅದಕ್ಕ ಒಂದು ಕೆಲಸ ಮಾಡ್ರಿ. ಒಂದು ನೂರು ಹಾಳಿ ನೋಟಬುಕ್ ತೊಗೋರಿ. ನಿಮ್ಮ ಅವ್ವ, ಅತ್ತಿ, ಅಜ್ಜಿ, ಅವರ ಅವ್ವ, ಒಬ್ಬೊಬ್ಬರಿಗೆ ಒಂದು ಹಾಳಿ. ಹುಟ್ಟಿದ ಹೆಸರು, ಲಗ್ನದ ಹೆಸರು, ಕರಿಯೋ ಹೆಸರು, ತವರೂರು, ಅಪ್ಪ-ಅವ್ವ, ಹಡದ ಮಕ್ಕಳು (ಹೋದ ಕೂಸುಗಳೂ), ತೀರಿಕೊಂಡ ವರ್ಷ. ವರ್ಷ ಗೊತ್ತಿಲ್ಲದಿದ್ರ "ಊರಾಗ ಮಾರಿ ಬಂದ ವರ್ಷ" ಅಂತರ ಬರೀರಿ. ಯಾರು ಹೇಳಿದ್ರು ಅನ್ನೂದನ್ನೂ ಬರೀರಿ, ನಾಳೆ ಯಾರರ ಕೇಳಿದ್ರ ಬೇಕಾಗತದ. ಮನ್ಯಾಗ ಯಾರರ ತೀರಿಕೊಂಡಾಗ ಅರ್ಜಿ ತುಂಬವರ ಬಾಜೂಕ ಕೂತು ತಾಯಿ ಹೆಸರು ಸರಿ ಬಿದ್ದದೋ ಇಲ್ಲೋ ನೋಡ್ರಿ. ಲಗ್ನದ ಪತ್ರಿಕಿ, ಹಳೇ ಸಾಲಿ ಸರ್ಟಿಫಿಕೇಟ್ ರದ್ದಿಗೆ ಹಾಕಬ್ಯಾಡ್ರಿ.

ಎಂಬತ್ತು ದಾಟಿದವರು ಮನ್ಯಾಗ ಇದ್ರ ದೀಪಾವಳಿ ತನಕ ಕಾಯಬ್ಯಾಡ್ರಿ. ಈ ಆಯತವಾರನ ಚಹಾ ಕೊಟ್ಟು ಮಗ್ಗಲಕ್ಕ ಕೂತು ಕೇಳ್ರಿ. ತಮ್ಮ ಅವ್ವನ ಹೆಸರನ್ನ ಅವರು ಬಾಯಿಬಿಟ್ಟು ಹೇಳಿ ಎಷ್ಟು ವರ್ಷ ಆಗಿರಬೇಕೋ ಏನೋ.