ಎಂಪ್ಲಾಯ್‌ಮೆಂಟ್ ಕಾರ್ಡಿನ ಕಾಲದಿಂದ ಗುತ್ತಿಗೆಯ ಕಾಲಕ್ಕೆ

ಉದ್ಯೋಗ ವಿನಿಮಯ ಕೇಂದ್ರ ಕೊಡುತ್ತಿದ್ದ ಎಂಪ್ಲಾಯ್‌ಮೆಂಟ್ ಕಾರ್ಡನ್ನು ಮೂರು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸದಿದ್ದರೆ ಸೀನಿಯಾರಿಟಿ ಹೋಗುತ್ತಿತ್ತು. ಸೀನಿಯಾರಿಟಿ ಹೋದರೆ ಜಾಲಹಳ್ಳಿಯ ಎಚ್‌ಎಂಟಿಗೋ ಬಿಇಎಲ್‌ಗೋ ಇಂಟರ್‌ವ್ಯೂಗೆ ಕರೆಯುವ ಪತ್ರ ಬೇರೆ ಯಾರದೋ ಮನೆಗೆ ಹೋಗುತ್ತಿತ್ತು. ಯಶವಂತಪುರ, ಯಲಹಂಕದ ಹಳೆಯ ಮನೆಗಳಲ್ಲಿ ಆ ಕಾರ್ಡು ರೇಷನ್ ಕಾರ್ಡಿನ ಜೊತೆಗೇ ಟ್ರಂಕಿನಲ್ಲಿರುತ್ತಿತ್ತು.

ಉದ್ಯೋಗ ವಿನಿಮಯ ಕೇಂದ್ರಗಳು ಶುರುವಾದದ್ದು ನಿರುದ್ಯೋಗಿ ಪದವೀಧರರಿಗಾಗಿ ಅಲ್ಲ. ಎರಡನೇ ಮಹಾಯುದ್ಧ ಮುಗಿದು ಸೇನೆಯಿಂದ ಬಿಡುಗಡೆಯಾದ ಸೈನಿಕರಿಗೆ ದಾರಿ ತೋರಲು 1945ರಲ್ಲಿ ಅವು ಹುಟ್ಟಿದವು. 1956ರ ನವೆಂಬರ್ 1ರಂದು, ವಿಶಾಲ ಮೈಸೂರು ರಾಜ್ಯ ಉದಯಿಸಿದ ದಿನವೇ, ಅವುಗಳ ದಿನನಿತ್ಯದ ಆಡಳಿತ ರಾಜ್ಯಗಳ ಕೈಗೆ ಬಂತು. 1959ರ ಕಾಯ್ದೆ ಸರ್ಕಾರಿ ಸಂಸ್ಥೆಗಳ ಜೊತೆಗೆ 25 ಅಥವಾ ಹೆಚ್ಚು ನೌಕರರಿದ್ದ ಖಾಸಗಿಯವರೂ ಖಾಲಿ ಹುದ್ದೆಗಳನ್ನು ಕೇಂದ್ರಕ್ಕೆ ತಿಳಿಸಬೇಕೆಂದಿತು. ಮೂರು ತಿಂಗಳಿಗೊಮ್ಮೆ ನೌಕರರ ಲೆಕ್ಕ ಕೊಡುವ ಇಆರ್-1 ನಮೂನೆ ತುಂಬಬೇಕಿತ್ತು. ತಪ್ಪಿದರೆ ಮೊದಲ ಸಲ 500 ರೂಪಾಯಿವರೆಗೆ ದಂಡ! ತಿಳಿಸಿದರೆ ಸಾಕು, ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂದೇನಿಲ್ಲ ಎಂದೂ ಅದೇ ಕಾಯ್ದೆ ಹೇಳಿತು. ಖಾಸಗಿಯವರು ಈ ಎರಡನೆಯ ಮಾತನ್ನಷ್ಟೇ ಚೆನ್ನಾಗಿ ನೆನಪಿಟ್ಟುಕೊಂಡರು.

ತರಬೇತಿಯ ಕಡೆ ಪರಿಸ್ಥಿತಿ ವಾಸಿ. 1961ರ ಅಪ್ರೆಂಟಿಸ್ ಕಾಯ್ದೆ ಕಾರ್ಖಾನೆಯ ಬಾಗಿಲನ್ನು ಐಟಿಐ ಹುಡುಗರಿಗೆ ತೆರೆಯಿತು. ಯಶವಂತಪುರದ ಫೋರ್‌ಮನ್ ತರಬೇತಿ ಸಂಸ್ಥೆ ಪಶ್ಚಿಮ ಜರ್ಮನಿಯ ನೆರವಿನಿಂದ 1971ರಲ್ಲಿ ಬಂತು. ಪಕ್ಕದಲ್ಲೇ ಪೀಣ್ಯ ಬೆಳೆಯಿತು, 1984ರಲ್ಲಿ ಯಲಹಂಕದ ರೈಲು ಗಾಲಿ ಕಾರ್ಖಾನೆ ಶುರುವಾಯಿತು. ಕಲಿಯುವ ಜಾಗವೂ ದುಡಿಯುವ ಜಾಗವೂ ಒಂದೇ ಬಸ್ಸಿನ ದಾರಿಯಲ್ಲಿದ್ದವು. ಉತ್ತರ ಬೆಂಗಳೂರಿನಲ್ಲಿ ತರಬೇತಿ ಮತ್ತು ಉದ್ಯೋಗ ನಿಜವಾಗಿ ಹೊಂದಿಕೊಂಡ ಕಾಲ ಅದೊಂದೇ ಎಂದು ನನ್ನ ಲೆಕ್ಕ. ಆ ಹೊಂದಾಣಿಕೆ ಉದ್ಯೋಗ ವಿನಿಮಯ ಕಚೇರಿಗಳಿಗಿಂತ ಸಾರ್ವಜನಿಕ ಉದ್ದಿಮೆಗಳ ದೆಸೆಯಿಂದ ಆದದ್ದು.

1996ರಲ್ಲಿ ಸುಪ್ರೀಂ ಕೋರ್ಟು, ವಿನಿಮಯ ಕೇಂದ್ರದ ಪಟ್ಟಿಯೊಂದೇ ಸಾಲದು, ಪತ್ರಿಕೆಯಲ್ಲಿ ಜಾಹೀರಾತನ್ನೂ ಕೊಡಿ ಎಂದಿತು. ನ್ಯಾಯವಾಗಿ ಸರಿಯೇ. ಕಾರ್ಡಿನ ಬೆಲೆ ಮಾತ್ರ ಇಳಿಯಿತು. ಹೆಬ್ಬಾಳದಾಚೆ ಮಾನ್ಯತಾ ಟೆಕ್ ಪಾರ್ಕ್ ಎದ್ದಿತು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿನ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಲೋಡಿಂಗ್ ಕೆಲಸಕ್ಕೆ ಆಳು ಒದಗಿಸುವವರು ಗುತ್ತಿಗೆ ಏಜೆನ್ಸಿಗಳು. ಕಟ್ಟಡ ಕೆಲಸಕ್ಕಂತೂ ಮೇಸ್ತ್ರಿಯೇ ವಿನಿಮಯ ಕೇಂದ್ರ. ಯಲಹಂಕದ ಕಡೆ ಬೆಳಗ್ಗೆ ಕರಣೆ, ಊಟದ ಡಬ್ಬಿ ಹಿಡಿದು ಸರ್ಕಲ್‌ನಲ್ಲಿ ನಿಲ್ಲುವ ಯಾದಗಿರಿ, ರಾಯಚೂರಿನವರನ್ನು ನೋಡಿ. ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ದಾಖಲೆ ಕೊಟ್ಟರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಡು ಕೊಡುತ್ತದೆ. ಆ 90 ದಿನದ ಕೆಲಸ ಮಾತ್ರ ಅವರೇ ಹುಡುಕಿಕೊಳ್ಳಬೇಕು.

ಆಮೇಲಿನದು ಪೋರ್ಟಲ್‌ಗಳ ಯುಗ. 2008ರಲ್ಲಿ ರಾಜ್ಯಕ್ಕೊಂದು ಕೌಶಲ್ಯಾಭಿವೃದ್ಧಿ ನಿಗಮ, 2015ರಲ್ಲಿ ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್, 2016ರಲ್ಲಿ ಕೌಶಲ್ಯಕ್ಕೇ ಪ್ರತ್ಯೇಕ ಇಲಾಖೆ, ಬಳಿಕ ಸ್ಕಿಲ್ ಕನೆಕ್ಟ್ ಪೋರ್ಟಲ್. 2024ರ ಜನವರಿಯಲ್ಲಿ ಯುವನಿಧಿ ಬಂತು: ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಮರುತಿಂಗಳು ಅರಮನೆ ಮೈದಾನದಲ್ಲಿ ಬೃಹತ್ ಉದ್ಯೋಗ ಮೇಳವೂ ನಡೆಯಿತು. ಮೇಳದ ದಿನ ಎಷ್ಟು ಆಫರ್ ಲೆಟರ್ ಹಂಚಿದರೆಂಬುದು ಸುದ್ದಿಯಾಗುತ್ತದೆ, ಆರು ತಿಂಗಳ ಮೇಲೆ ಎಷ್ಟು ಮಂದಿ ಅದೇ ಕೆಲಸದಲ್ಲಿದ್ದಾರೆಂಬುದು ಆಗುವುದಿಲ್ಲ.

2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, 1959ರ ಕಾಯ್ದೆಯ ಜಾಗವನ್ನು ತೆಗೆದುಕೊಂಡಿತು. ವಿನಿಮಯ ಕೇಂದ್ರಗಳೀಗ ವೃತ್ತಿ ಕೇಂದ್ರಗಳು. ಅವುಗಳ ಮೂಲಕವೇ ನೇಮಿಸಬೇಕೆಂಬ ಕಟ್ಟುಪಾಡು ಹೊಸ ಸಂಹಿತೆಯಲ್ಲೂ ಇಲ್ಲ, ಇರಲಿ. ಆಳು ಒದಗಿಸುವ ಏಜೆನ್ಸಿ ತಾನು ಸೇರಿಸಿದವರ ಆರು ತಿಂಗಳ ಲೆಕ್ಕವನ್ನು ವೃತ್ತಿ ಕೇಂದ್ರಕ್ಕೆ ಒಪ್ಪಿಸುವಂತೆಯಾದರೂ ರಾಜ್ಯ ಸರ್ಕಾರ ನಿಯಮ ಮಾಡಲಿ.