ಬೆಟಗೇರಿಯ ದಾದಿಯರು: ಚರಿತ್ರೆಯ ಅಂಚಿನಲ್ಲಿ

‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಹೆಸರಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ವಸಾಹತು ಕಾಲದಲ್ಲಿ ಈ ಪರಿಸರ ಹರಿದು ಹಂಚಿಹೋಗಿತ್ತು. ಗದಗ-ಬೆಟಗೇರಿ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದರೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ರೋಗಕ್ಕೆ ಮಾತ್ರ ಈ ಗಡಿಗಳಿರಲಿಲ್ಲ.

1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದ ಬಾಸೆಲ್ ಮಿಶನ್, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ವೈದ್ಯಸೇವೆಯನ್ನು ಕೈಗೊಂಡಿತು. ಮಿಶನ್ನಿನ ವೈದ್ಯರದು ಜರ್ಮನ್ ನುಡಿ, ರೋಗಿಗಳದು ಕನ್ನಡ. ಬಾಣಂತಿಯ ನೋವನ್ನು ಪರಪುರುಷನೆದುರು ಹೇಳಲಾಗದ ಸಂಕೋಚ ಬೇರೆ. ಇಂಥಲ್ಲಿ ತರಬೇತಿ ಪಡೆದ ಸ್ಥಳೀಯ ದಾದಿ ಬರಿಯ ಸಹಾಯಕಿಯಲ್ಲ, ರೋಗಿಯ ನುಡಿಯೇ ಆಗಿದ್ದಳು. ರಕ್ತ, ಮಲಗಳನ್ನು ಮುಟ್ಟುವ ಕಾಯಕವೆಂದು ಮೇಲ್ಜಾತಿಗಳು ಹಿಂಜರಿದಾಗ, ಕ್ರೈಸ್ತ ಕುಟುಂಬಗಳ ಹೆಣ್ಣುಮಕ್ಕಳೇ ಮಿಶನ್ ಆಸ್ಪತ್ರೆಗಳಲ್ಲಿ ಈ ವಿದ್ಯೆಗೆ ಮೊದಲು ಮುಂದಾದರು.

ಸೂಲಗಿತ್ತಿಯರ ತರಬೇತಿಗಾಗಿ 1903ರಲ್ಲಿ ಲೇಡಿ ಕರ್ಜನ್ ಸ್ಥಾಪಿಸಿದ ನಿಧಿ, ಅವರ ಪರಂಪರಾಗತ ಅರಿವನ್ನು ತಿದ್ದಬೇಕಾದ ಅಜ್ಞಾನವೆಂದೇ ಬಗೆಯಿತು. ಆ ಅರಿವಿನಲ್ಲಿ ಕಳೆದುದೆಷ್ಟು, ಉಳಿದುದೆಷ್ಟು ಎಂಬುದು ಇಂದಿಗೂ ಕೇಳಬೇಕಾದ ಪ್ರಶ್ನೆ.

1914ರ ಯುದ್ಧದಿಂದಾಗಿ ಜರ್ಮನ್ ಮಿಶನರಿಗಳು ದೇಶ ಬಿಡಬೇಕಾಯಿತು. ಇಲ್ಲಿ ಉಳಿದದ್ದು ಸ್ಥಳೀಯರು ಕಲಿತ ವಿದ್ಯೆ. ಚರಿತ್ರೆ ಸ್ಥಾಪಕರನ್ನು ನೆನೆಯುತ್ತದೆ. ರಾತ್ರಿಯೆಲ್ಲ ರೋಗಿಯ ಬಳಿ ಎಚ್ಚರವಿದ್ದವರನ್ನು ಮರೆಯುತ್ತದೆ. ನಮ್ಮ ಸಂಶೋಧಕರು ಆ ಹೆಸರುಗಳನ್ನು ಊರ ಹಿರಿಯರ ನೆನಪಿನಲ್ಲಾದರೂ ಹುಡುಕಬೇಕಾಗಿದೆ.